ಉಗ್ರಾಣದ ಬೀಗದ ಕೈ

ಮದುವೆಮನೆಗೆ ಹೋದವರ ಕಣ್ಣೆಲ್ಲ ಮಂಟಪದ ಮೇಲೆ. ಹುಡುಗಿಯ ಸೀರೆ ಎಂಥದು, ಹುಡುಗ ಎತ್ತರವೋ ಗಿಡ್ಡವೋ, ಬೀಗಿತ್ತಿಯ ಮುಖ ಅರಳಿದೆಯೋ ಬಾಡಿದೆಯೋ, ಇವೇ ಮಾತು. ಆದರೆ ಮದುವೆ ಸುಸೂತ್ರವಾಗಿ ಮುಗಿಯುವುದೋ ಇಲ್ಲವೋ ಎಂಬುದು ನಿಜವಾಗಿ ತೀರ್ಮಾನವಾಗುವುದು ಹಿಂದಿನ ಕೋಣೆಯ ಉಗ್ರಾಣದಲ್ಲಿ. ಅದರ ಬೀಗದ ಕೈ ಒಬ್ಬ ನಂಬಿಕೆಯ ಸೋದರತ್ತೆಯದೋ ದೊಡ್ಡಮ್ಮನದೋ ಸೊಂಟದಲ್ಲಿರುತ್ತದೆ. ಅಡುಗೆಯವರಿಗೆ ಎಣ್ಣೆ ಎಷ್ಟು, ಪುರೋಹಿತರಿಗೆ ತೆಂಗಿನಕಾಯಿ ಎಷ್ಟು, ಬೀಗರ ಬಿಡಾರಕ್ಕೆ ಕಾಫಿಪುಡಿ ಎಷ್ಟು, ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂಬುದನ್ನೆಲ್ಲ ನಿರ್ಧರಿಸುವವಳು ಆಕೆ. ಫೋಟೋದಲ್ಲಿ ಆಕೆ ಇರುವುದಿಲ್ಲ. ಸರಿಯಾಗಿ ಕೆಲಸ ಮಾಡಿದಳೆಂದರೆ ಅಂಥವಳೊಬ್ಬಳು ಇದ್ದಳೆಂಬುದೇ ಊಟ ಮಾಡಿ ಹೋದವರಿಗೆ ತಿಳಿಯುವುದಿಲ್ಲ.

ಕಂಪ್ಯೂಟರಿನ ಒಳಗೂ ಅಂಥದೊಂದು ಉಗ್ರಾಣವಿದೆ. ಅದನ್ನು ನೋಡಿಕೊಳ್ಳುವ ಸಾಫ್ಟ್‌ವೇರಿಗೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಕಾಗದ ಬರೆಯುವ ಪ್ರೋಗ್ರಾಂ, ಲೆಕ್ಕ ಹಾಕುವ ಪ್ರೋಗ್ರಾಂ, ಹಾಡು ಕೇಳಿಸುವ ಪ್ರೋಗ್ರಾಂ ಇವೆಲ್ಲ ಒಟ್ಟಿಗೇ ಕೈಚಾಚುತ್ತವೆ. ಕಂಪ್ಯೂಟರಿನ ನೆನಪಿನಲ್ಲಿ ಯಾರಿಗೆ ಎಷ್ಟು ಜಾಗ, ಪ್ರಿಂಟರ್ ಮೊದಲು ಯಾರಿಗೆ, ಯಾರ ಕಡತವನ್ನು ಯಾರು ಮುಟ್ಟಬಾರದು ಎಂಬುದನ್ನು ನೋಡಿಕೊಳ್ಳುವುದು ಆಪರೇಟಿಂಗ್ ಸಿಸ್ಟಂ. ನಮ್ಮ ಶಾಲೆಯ ಆಫೀಸಿನಲ್ಲಿ, ಬ್ಯಾಂಕಿನಲ್ಲಿ, ತಾಲ್ಲೂಕು ಕಚೇರಿಯಲ್ಲಿ ನಾವು ಕಾಣುವ ವಿಂಡೋಸ್ ಅಂಥದೊಂದು. ಅದು ಅಮೆರಿಕದ ಮೈಕ್ರೋಸಾಫ್ಟ್ ಕಂಪನಿಯದು.

ಈ ಉಗ್ರಾಣದ ಬಾಗಿಲು ಕೆಟ್ಟರೆ ಏನಾಗುತ್ತದೆ ಎಂಬುದನ್ನು ಜಗತ್ತು 2024ರ ಜುಲೈ 19ರಂದು ಕಂಡಿತು. ಬೇರೊಂದು ಕಂಪನಿಯ ಕಾವಲು ಸಾಫ್ಟ್‌ವೇರಿನ ದೋಷದಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ಆಸ್ಪತ್ರೆಗಳಲ್ಲಿ ಕೆಲಸ ತಡೆಯಿತು, ವಿಮಾನಗಳು ನೆಲದಲ್ಲೇ ಉಳಿದವು, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ತಪ್ಪು ವಿಂಡೋಸ್ ಮಾಡಿದವರದಾಗಿರಲಿಲ್ಲ. ಆದರೂ ಎಷ್ಟು ಜನರ ಬದುಕು ಈ ಒಂದು ಬೀಗದ ಕೈಗೆ ಜೋತುಬಿದ್ದಿದೆ ಎಂಬುದು ಆ ದಿನ ತಿಳಿಯಿತು.

ನಾನು ಇತಿಹಾಸ ಪಾಠ ಮಾಡುವವಳು. ಎಷ್ಟು ಸಾವಿರ ಕಾಲಾಳು, ಎಷ್ಟು ನೂರು ಆನೆ ಎಂಬ ಲೆಕ್ಕವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಸಾವಿರಾರು ಜನ ಇಂಜಿನಿಯರುಗಳನ್ನು ಕಟ್ಟಿಕೊಂಡು ಕಣ್ಣಿಗೆ ಕಾಣದ ಒಂದು ವಸ್ತುವನ್ನು ಕಟ್ಟಿದವರ ಕಥೆಯೂ ಇತಿಹಾಸವೇ. ಅದರಲ್ಲಿ ಹೆಣ ಬೀಳುವುದಿಲ್ಲ, ನಿಜ. ಆದರೆ ಗೆಲುವು, ಸೋಲು, ಹಠ, ಭಯ, ಮುಖಸ್ತುತಿ ಎಲ್ಲವೂ ಇವೆ. ಆ ಕಥೆಯನ್ನು ಓದಿದಷ್ಟೂ ನನಗೆ ಒಂದು ವಿಷಯ ಸ್ಪಷ್ಟವಾಗುತ್ತ ಬಂತು. ಇಂಥ ದೊಡ್ಡ ವಿಭಾಗವನ್ನು ನಡೆಸುವವರಿಗೆ ಬುದ್ಧಿವಂತರು ಸಿಕ್ಕುತ್ತಾರೆ, ಹಣ ಸಿಕ್ಕುತ್ತದೆ. ಸಿಕ್ಕದೆ ಹೋಗುವುದು ಒಂದೇ: ಸಮಯಕ್ಕೆ ಸರಿಯಾಗಿ ತಲುಪುವ ಕೆಟ್ಟ ಸುದ್ದಿ.

ಕಥೆ ಮೈಕ್ರೋಸಾಫ್ಟ್ ಹುಟ್ಟುವುದಕ್ಕೂ ಮೊದಲೇ ಶುರುವಾಗುತ್ತದೆ. 1964ರ ಏಪ್ರಿಲ್ 7ರಂದು ಐಬಿಎಂ ಕಂಪನಿ ಸಿಸ್ಟಂ/360 ಎಂಬ ಕಂಪ್ಯೂಟರುಗಳ ಸಾಲನ್ನು ಪ್ರಕಟಿಸಿತು. ಯಂತ್ರಗಳನ್ನು ರೂಪಿಸುವ ಕೆಲಸದ ಮುಂದಾಳಾಗಿದ್ದವರು ಫ್ರೆಡ್ ಬ್ರೂಕ್ಸ್. ಆಮೇಲೆ ಅದರ ಆಪರೇಟಿಂಗ್ ಸಿಸ್ಟಮಿನ ಹೊಣೆಯನ್ನೂ ಅವರ ಹೆಗಲಿಗೇ ಹಾಕಿದರು. ಕೆಲಸ ಬಿರುಸಾಗಿದ್ದಾಗ ಸಾವಿರಕ್ಕೂ ಹೆಚ್ಚು ಜನ ಅದರಲ್ಲಿ ತೊಡಗಿದ್ದರು. ಹಾಗಿದ್ದೂ ಅದು ತಡವಾಯಿತು. ಬಂದಾಗಲೂ ಹೇಳಿದ್ದಕ್ಕಿಂತ ಹೆಚ್ಚು ಜಾಗ ಬೇಡುತ್ತಿತ್ತು, ತಪ್ಪುಗಳಿಂದ ತುಂಬಿತ್ತು. ಬ್ರೂಕ್ಸ್ ಅವರು ಕಂಪನಿ ಬಿಟ್ಟು ನಾರ್ತ್ ಕೆರೊಲೈನಾ ವಿಶ್ವವಿದ್ಯಾಲಯಕ್ಕೆ ಮೇಷ್ಟರಾಗಿ ಹೊರಟಾಗ ಐಬಿಎಂನ ಯಜಮಾನ ಟಾಮ್ ವಾಟ್ಸನ್ ಒಂದು ಪ್ರಶ್ನೆ ಕೇಳಿದರಂತೆ: ಯಂತ್ರ ಮಾಡಿಸುವುದಕ್ಕಿಂತ ಪ್ರೋಗ್ರಾಂ ಬರೆಸುವುದು ಯಾಕೆ ಇಷ್ಟು ಕಷ್ಟ? ಆ ಪ್ರಶ್ನೆಗೆ ಉತ್ತರವಾಗಿ ಬ್ರೂಕ್ಸ್ 1975ರಲ್ಲಿ ಪ್ರಕಟಿಸಿದ ಪುಸ್ತಕ 'ದಿ ಮಿಥಿಕಲ್ ಮ್ಯಾನ್-ಮಂತ್'. ಅವರು 2022ರಲ್ಲಿ ತೀರಿಕೊಂಡರು. ಪುಸ್ತಕವನ್ನು ಜನ ಇನ್ನೂ ಓದುತ್ತಿದ್ದಾರೆ.

ಅದರ ಮುಖ್ಯ ಮಾತು ನಮಗೆ ಹೊಸದೇನಲ್ಲ. ತಡವಾಗಿರುವ ಕೆಲಸಕ್ಕೆ ಇನ್ನಷ್ಟು ಜನರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆ ಎಂಬುದು ಅದರ ತಾತ್ಪರ್ಯ. ಇದನ್ನು ವಿವರಿಸಲು ಅವರು ಬಸುರಿನ ಉದಾಹರಣೆಯನ್ನೇ ಕೊಟ್ಟರು. ಒಂಬತ್ತು ತಿಂಗಳ ಕೆಲಸವನ್ನು ಹಂಚಿಕೊಂಡು ಬೇಗ ಮುಗಿಸಲಾಗದು ಎಂದು ಹೇಳಲು ಗಂಡಸರಿಗೆ ಒಂದು ದೊಡ್ಡ ಪುಸ್ತಕ ಬೇಕಾಯಿತೇ ಎಂದು ನೀವು ನಗಬಹುದು. ಆದರೆ ಅದರ ಹಿಂದಿನ ಲೆಕ್ಕ ನಗುವಂಥದಲ್ಲ. ಮೂವರು ಓರಗಿತ್ತಿಯರಿದ್ದರೆ ಅವರ ನಡುವೆ ಮಾತಿನ ಎಳೆ ಮೂರು. ಹತ್ತು ಜನ ಸೇರಿದರೆ 45. ಐವತ್ತು ಜನಕ್ಕೆ 1,225. ಸಾವಿರ ಜನರಾದರೆ 4,99,500. ಇಷ್ಟು ಎಳೆಗಳಲ್ಲಿ ಯಾವುದಾದರೊಂದು ಕಡೆ 'ನಾನು ಹೇಳಿದ್ದೆನಲ್ಲ', 'ನನಗೆ ಯಾರೂ ಹೇಳಲಿಲ್ಲವಲ್ಲ' ಎಂಬುದು ಇದ್ದೇ ಇರುತ್ತದೆ. ಜನ ಹೆಚ್ಚಿದಂತೆ ದುಡಿಯುವ ಕೈ ಹೆಚ್ಚುವುದಕ್ಕಿಂತ ಬೇಗ ತಿಳಿಸಿಹೇಳುವ ಕೆಲಸ ಹೆಚ್ಚುತ್ತದೆ. ಕೂಡುಕುಟುಂಬದಲ್ಲಿ ಬಾಳಿದ ನಮ್ಮ ಅಜ್ಜಿಯರಿಗೆ ಈ ಲೆಕ್ಕ ಗೊತ್ತಿತ್ತು, ಬರೆದಿಡಲಿಲ್ಲ ಅಷ್ಟೆ.

ಮುಂದಿನ ಅಧ್ಯಾಯಕ್ಕೆ ಮೈಕ್ರೋಸಾಫ್ಟಿಗೆ ಬರೋಣ. 1988ರ ಅಕ್ಟೋಬರಿನಲ್ಲಿ ಡೇವ್ ಕಟ್ಲರ್ ಎಂಬ ಇಂಜಿನಿಯರು ಆ ಕಂಪನಿ ಸೇರಿದರು. ಅದಕ್ಕೆ ಮೊದಲು ಅವರು ಡಿಜಿಟಲ್ ಎಂಬ ಕಂಪನಿಯಲ್ಲಿ ವಿಎಂಎಸ್ ಎಂಬ ಹೆಸರುವಾಸಿ ಆಪರೇಟಿಂಗ್ ಸಿಸ್ಟಂ ಕಟ್ಟಿದವರು. ಅಲ್ಲಿ ಅವರ ಹೊಸ ಯೋಜನೆಯನ್ನು ರದ್ದು ಮಾಡಿದ್ದರಿಂದ ಬೇಸತ್ತು, ಜೊತೆಗಾರರ ಒಂದು ಗುಂಪನ್ನೂ ಕರೆದುಕೊಂಡು ಬಂದರು. ಅವರು ಕಟ್ಟಿದ್ದು ವಿಂಡೋಸ್ ಎನ್‌ಟಿ. 1993ರ ಜುಲೈ 27ರಂದು ಅದು ಹೊರಬಂತು. ಸುಮಾರು 60 ಲಕ್ಷ ಸಾಲು ಬರವಣಿಗೆ, ಬರೆಯುವವರು 200 ಜನ, ಪರೀಕ್ಷಿಸುವವರು 140 ಜನ. ಇಂದಿನ ವಿಂಡೋಸಿನ ಬುಡ ಅದೇ.

ಕಟ್ಲರ್ ಅವರು ಮುಂಗೋಪಿ ಎಂದು ಹೆಸರಾದವರು. ಅವರ ಸಿಟ್ಟಿಗೆ ಗೋಡೆಗಳೂ ಏಟು ತಿಂದವೆಂದು ಆ ಕಾಲದ ಕಥೆ ಬರೆದವರು ಹೇಳುತ್ತಾರೆ. ಅಂಥವರ ಕೈಕೆಳಗೆ ಕೆಟ್ಟ ಸುದ್ದಿ ಹೇಳಲು ಯಾರಿಗೆ ಧೈರ್ಯ ಬಂದೀತು ಎಂದು ನಾನು ಯೋಚಿಸಿದ್ದುಂಟು. ಉತ್ತರ ಅವರ ಸ್ವಭಾವದಲ್ಲಿ ಇರಲಿಲ್ಲ, ಅವರು ಮಾಡಿದ ಏರ್ಪಾಟಿನಲ್ಲಿತ್ತು. ಎಲ್ಲರೂ ಬರೆದದ್ದನ್ನು ಪ್ರತಿದಿನ ಒಟ್ಟುಗೂಡಿಸಿ ಇಡೀ ಸಿಸ್ಟಮನ್ನು ಹೊಸದಾಗಿ ಕಟ್ಟುವುದು ಅಲ್ಲಿನ ಪದ್ಧತಿ. ಅದಕ್ಕೆ 'ಬಿಲ್ಡ್' ಎನ್ನುತ್ತಾರೆ. ಒಬ್ಬರ ತಪ್ಪಿನಿಂದ ಬಿಲ್ಡ್ ಮುರಿದರೆ ಅಂದೇ ಎಲ್ಲರಿಗೂ ಗೊತ್ತಾಗುತ್ತಿತ್ತು. ಅದರ ಜೊತೆಗೆ, ಅರೆಬೆಂದ ಎನ್‌ಟಿಯನ್ನು ಅದನ್ನು ಬರೆಯುವವರೇ ತಮ್ಮ ದಿನನಿತ್ಯದ ಕೆಲಸಕ್ಕೆ ಬಳಸಬೇಕೆಂದು ಕಟ್ಟುಮಾಡಿದರು. ಮಾಡಿದ ಅಡುಗೆಯನ್ನು ಮಾಡಿದವರೇ ಮೊದಲು ಉಣ್ಣಬೇಕು. ಉಪ್ಪು ಹೆಚ್ಚಾದರೆ ಬಡಿಸುವ ಮೊದಲೇ ತಿಳಿಯುತ್ತದೆ. ಕಟ್ಲರ್ ತಾವೂ ಕೂತು ಪ್ರೋಗ್ರಾಂ ಬರೆಯುತ್ತಿದ್ದರು. ಹೀಗಾಗಿ ಕೆಟ್ಟ ಸುದ್ದಿಯನ್ನು ಯಾರೂ ಹೊತ್ತು ತರಬೇಕಾಗಿರಲಿಲ್ಲ, ಅದು ಅವರ ಕಣ್ಣೆದುರಿಗೇ ಇತ್ತು.

ಮುನ್ನೂರು ನಾನೂರು ಜನರಿಗೆ ಸಾಕಾಗುವ ಈ ಏರ್ಪಾಟು ಮೂರು ಸಾವಿರ ಜನರಿಗೆ ಸಾಲದು. 2000ದ ಫೆಬ್ರವರಿಯಲ್ಲಿ ವಿಂಡೋಸ್ 2000 ಬರುವ ಹೊತ್ತಿಗೆ ಬರವಣಿಗೆ 2 ಕೋಟಿ 90 ಲಕ್ಷ ಸಾಲಿಗೆ ಬೆಳೆದಿತ್ತು. ಬರೆಯುವವರು 1,400, ಪರೀಕ್ಷಿಸುವವರು 1,700. ಏಳು ವರ್ಷದಲ್ಲಿ ಜನ ಒಂಬತ್ತು ಪಟ್ಟು. ಮುಂದಾಳಿಗೂ ಕೆಲಸ ಮಾಡುವವರಿಗೂ ನಡುವೆ ಮೆಟ್ಟಿಲ ಮೇಲೆ ಮೆಟ್ಟಿಲು ಎದ್ದವು.

2001ರ ಅಕ್ಟೋಬರಿನಲ್ಲಿ ವಿಂಡೋಸ್ ಎಕ್ಸ್‌ಪಿ ಬಂತು. ನಮ್ಮಲ್ಲಿ ಅನೇಕರು ಮೊದಲು ಮುಟ್ಟಿದ ವಿಂಡೋಸ್ ಅದು. ಅದರೊಂದಿಗೆ ತುಂಗಾ ಎಂಬ ಕನ್ನಡ ಅಕ್ಷರವಿನ್ಯಾಸವೂ ಬಂದಿತ್ತು. ಆಮೇಲೆ ಕಂಪನಿ ಒಂದು ದೊಡ್ಡ ಕನಸು ಕಂಡಿತು, ಅದಕ್ಕೆ ಲಾಂಗ್‌ಹಾರ್ನ್ ಎಂದು ಒಳಹೆಸರು. ಕಡತಗಳನ್ನು ಇಡುವ ಬಗೆ ಹೊಸದು, ಚಿತ್ರ ತೋರಿಸುವ ಬಗೆ ಹೊಸದು, ಕಂಪ್ಯೂಟರುಗಳು ಒಂದರೊಡನೊಂದು ಮಾತಾಡುವ ಬಗೆ ಹೊಸದು. ಮೂರನ್ನೂ ಒಟ್ಟಿಗೇ ಮಾಡಹೊರಟರು. 2003ರ ಅಕ್ಟೋಬರಿನಲ್ಲಿ ಲಾಸ್ ಏಂಜಲೀಸಿನಲ್ಲಿ ಸಾಫ್ಟ್‌ವೇರ್ ತಯಾರಕರನ್ನೆಲ್ಲ ಸೇರಿಸಿ ಅದರ ಪ್ರದರ್ಶನವನ್ನೂ ಮಾಡಿದರು. ಅದೇ ವರ್ಷ ಆಗಸ್ಟಿನಲ್ಲಿ ಬ್ಲಾಸ್ಟರ್ ಎಂಬ ವೈರಸ್ಸಿನಂಥ ಪ್ರೋಗ್ರಾಂ ಲೋಕದ ತುಂಬ ಹರಡಿದ್ದರಿಂದ, ಹಳೆಯ ಎಕ್ಸ್‌ಪಿಯನ್ನು ಭದ್ರಮಾಡುವ ಕೆಲಸಕ್ಕೂ ಇದೇ ಇಂಜಿನಿಯರುಗಳು ಹೋಗಬೇಕಾಯಿತು.

ಆ ವಿಭಾಗದ ಮುಂದಾಳು ಜಿಮ್ ಆಲ್ಚಿನ್. ಕೈಕೆಳಗೆ ಸುಮಾರು 4,000 ಇಂಜಿನಿಯರುಗಳು. ಪ್ರತಿ ತಂಡವೂ ತನ್ನ ಪಾಲಿನ ಕೆಲಸವನ್ನು ತಾನೇ ಚೆನ್ನಾಗಿ ಮಾಡುತ್ತಿತ್ತು. ಆದರೆ ಎಲ್ಲವನ್ನೂ ಒಂದುಗೂಡಿಸಿದರೆ ಯಂತ್ರ ಏಳುತ್ತಿರಲಿಲ್ಲ. ಮನೆಮನೆಯಲ್ಲಿ ಬೇರೆಬೇರೆ ಮಾಡಿ ತಂದ ಸಾರು, ಪಲ್ಯ, ಪಾಯಸ ಒಂದೊಂದೂ ರುಚಿ. ಎಲೆ ಹಾಕಿದಾಗ ಅನ್ನವೇ ಇಲ್ಲ ಎಂದರೆ ಹೇಗೋ ಹಾಗೆ.

ಅಮಿತಾಭ್ ಶ್ರೀವಾಸ್ತವ ಎಂಬವರು ಆ ವಿಭಾಗದಲ್ಲಿದ್ದರು. ನಮ್ಮ ಕಾನ್ಪುರದ ಐಐಟಿಯಲ್ಲಿ ಓದಿದವರು. ವಿಂಡೋಸಿನ ಯಾವ ಭಾಗ ಯಾವುದಕ್ಕೆ ಅಂಟಿಕೊಂಡಿದೆ ಎಂಬುದರ ನಕ್ಷೆಯನ್ನು ಅವರು ತಮ್ಮ ತಂಡದಿಂದ ತಯಾರಿಸಿದರು. ಅದು 8 ಅಡಿ ಎತ್ತರ, 11 ಅಡಿ ಅಗಲವಿತ್ತು. ನೂರಾರು ಹಳಿಗಳು ಅಡ್ಡಾದಿಡ್ಡಿ ಹೆಣೆದುಕೊಂಡ ರೈಲುಮಾರ್ಗದ ನಕ್ಷೆಯಂತೆ ಅದು ಕಾಣುತ್ತಿತ್ತು. ಒಂದನ್ನು ಮುಟ್ಟಿದರೆ ಹತ್ತು ಅಲ್ಲಾಡುವ ಸ್ಥಿತಿ. ಮಾತಿನಲ್ಲಿ ಹೇಳಿದ್ದರೆ ಸಮಜಾಯಿಷಿಗಳಲ್ಲಿ ಕರಗಿಹೋಗುತ್ತಿದ್ದ ಸಂಗತಿ ಗೋಡೆಯ ಮೇಲೆ ಎಲ್ಲರೆದುರು ನಿಂತಿತು.

2004ರ ಜುಲೈಯಲ್ಲಿ ಆಲ್ಚಿನ್ ಅವರು ಬಿಲ್ ಗೇಟ್ಸ್ ಅವರ ಕೋಣೆಗೆ ಹೋಗಿ, ಲಾಂಗ್‌ಹಾರ್ನ್ ಈ ರೀತಿಯಲ್ಲಿ ಎಂದೂ ಮುಗಿಯುವುದಿಲ್ಲ ಎಂದು ಹೇಳಿಬಿಟ್ಟರು. ಹಾಗೆ ಹೇಳುವುದು ಸುಲಭವಾಗಿರಲಿಲ್ಲ. ಮೂರು ವರ್ಷದ ಕೆಲಸ, ಲೋಕದೆದುರು ಕೊಟ್ಟ ಮಾತು, ಎದುರಿಗೆ ಕಂಪನಿ ಕಟ್ಟಿದ ಯಜಮಾನ. ಕಡತಗಳನ್ನಿಡುವ ಆ ಹೊಸ ಬಗೆ ಗೇಟ್ಸ್ ಅವರ ಬಹುದಿನದ ಆಸೆ. ಅವರು ಕೂಡಲೇ ಒಪ್ಪಲಿಲ್ಲ, ಇನ್ನಷ್ಟು ಕಾಲ ತೆಗೆದುಕೊಂಡು ಸರಿಮಾಡಿ ಎಂದರು. ಕೊನೆಗೆ ಒಪ್ಪಿದರು. ಆಗಸ್ಟ್ 27ರಂದು ಆ ಭಾಗವನ್ನು ಕೈಬಿಟ್ಟಿರುವುದಾಗಿ ಕಂಪನಿ ಬಹಿರಂಗವಾಗಿ ಹೇಳಿತು. ಬರೆದದ್ದನ್ನು ಬಹುಮಟ್ಟಿಗೆ ಪಕ್ಕಕ್ಕಿಟ್ಟು, ಗಟ್ಟಿಯಾಗಿದ್ದ ಸರ್ವರ್ 2003ರ ತಳಹದಿಯ ಮೇಲೆ ಮತ್ತೆ ಕಟ್ಟತೊಡಗಿದರು. ಕೆಲಸದ ಕ್ರಮವೂ ಬದಲಾಯಿತು. ತಪ್ಪಿರುವ ಬರವಣಿಗೆಯನ್ನು ಯಂತ್ರವೇ ತಡೆದು ಹಿಂದಕ್ಕೆ ಕಳಿಸುವ ಏರ್ಪಾಟು ಬಂತು. ತಪ್ಪುಗಳ ರಾಶಿ ಹೆಚ್ಚಾದವರು ಅದನ್ನು ತಿದ್ದುವವರೆಗೆ ಹೊಸದನ್ನು ಬರೆಯುವಂತಿರಲಿಲ್ಲ. ಹೋಂವರ್ಕ್ ಮುಗಿಸದವನನ್ನು ಆಟಕ್ಕೆ ಬಿಡದಂತೆ.

ಈ ಆಲ್ಚಿನ್ ಅವರೇ ಅದಕ್ಕೆ ಆರು ತಿಂಗಳ ಹಿಂದೆ, 2004ರ ಜನವರಿಯಲ್ಲಿ, ಗೇಟ್ಸ್ ಮತ್ತು ಸ್ಟೀವ್ ಬಾಲ್ಮರ್ ಅವರಿಗೆ ಒಂದು ಪತ್ರ ಬರೆದಿದ್ದರು. ನಾವು ಗಿರಾಕಿಗಳನ್ನು ಮರೆತಿದ್ದೇವೆ, ನಾನು ಇಲ್ಲಿ ಕೆಲಸದಲ್ಲಿರದಿದ್ದರೆ ಇಂದು ಎದುರಾಳಿ ಆಪಲ್ ಕಂಪನಿಯ ಮ್ಯಾಕ್ ಕೊಳ್ಳುತ್ತಿದ್ದೆ ಎಂಬ ಅರ್ಥದ ಮಾತು ಅದರಲ್ಲಿತ್ತು. 2006ರ ಡಿಸೆಂಬರಿನಲ್ಲಿ ಒಂದು ನ್ಯಾಯಾಲಯದ ಮೊಕದ್ದಮೆಯಲ್ಲಿ ಆ ಪತ್ರ ಹೊರಬಿದ್ದಾಗ ಜನ ಅವರನ್ನು ಗೇಲಿ ಮಾಡಿದರು. ನನಗೆ ಹಾಗೆ ಅನ್ನಿಸಲಿಲ್ಲ. ತನ್ನ ಮನೆಯ ಸಾರು ಕೆಟ್ಟಿದೆ ಎಂದು ಮನೆಯೊಳಗೇ ಹೇಳುವವರು ಆ ಮನೆಗೆ ಶತ್ರುವಲ್ಲ.

ಇಲ್ಲಿ ನನ್ನ ಗೆಳತಿಯೊಬ್ಬಳ ಮಾತನ್ನು ಹೇಳಬೇಕು. ಆಕೆ ಹಿಂದೆ ಇದ್ದ ಶಾಲೆಯಲ್ಲಿ ಪ್ರತಿ ತಿಂಗಳೂ ಸಭೆ. ಮುಖ್ಯೋಪಾಧ್ಯಾಯರು ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ಒಬ್ಬೊಬ್ಬರೂ ಎದ್ದು 'ಪೋರ್ಷನ್ ಮುಗಿದಿದೆ ಸಾರ್' ಎಂದು ಹೇಳಿ ಕೂರುತ್ತಿದ್ದರು. ಹೊಸದಾಗಿ ಸೇರಿದ್ದ ಗಣಿತದ ಹುಡುಗಿಯೊಬ್ಬಳು ಮಾತ್ರ ಎದ್ದು, 'ಪೋರ್ಷನ್ ಮುಗಿದಿದೆ ಸಾರ್, ಆದರೆ ಎಂಟನೆಯ ತರಗತಿಯ ಅರ್ಧ ಮಕ್ಕಳಿಗೆ ಭಿನ್ನರಾಶಿಯೇ ಬರುವುದಿಲ್ಲ. ಐದನೆಯ ತರಗತಿಯಿಂದ ಮತ್ತೆ ಶುರುಮಾಡಬೇಕು' ಎಂದಳಂತೆ. 'ಬೇರೆ ಯಾರಿಗೂ ಇಲ್ಲದ ತೊಂದರೆ ನಿಮಗೊಬ್ಬರಿಗೇ ಯಾಕೆ ಮೇಡಂ?' ಎಂಬ ಉತ್ತರ ಬಂತು. ಮರುತಿಂಗಳಿನಿಂದ ಆಕೆಯೂ ಎಲ್ಲರಂತೆ ಒಂದೇ ವಾಕ್ಯ ಹೇಳಿ ಕೂರತೊಡಗಿದಳು. ಆ ಮಕ್ಕಳು ಹತ್ತನೆಯ ತರಗತಿಗೆ ಬಂದು ಫಲಿತಾಂಶ ಹೊರಬಿದ್ದಾಗ, 'ಮೊದಲೇ ಯಾರೂ ಯಾಕೆ ಹೇಳಲಿಲ್ಲ?' ಎಂದು ಸಭೆಯಲ್ಲಿ ಕೂಗಾಡಿದರಂತೆ. ನಾಲ್ಕು ಸಾವಿರ ಇಂಜಿನಿಯರುಗಳ ವಿಭಾಗಕ್ಕೂ ಹದಿನಾಲ್ಕು ಮೇಷ್ಟರುಗಳ ಶಾಲೆಗೂ ಈ ಒಂದು ವಿಷಯದಲ್ಲಿ ಅಂತರವಿಲ್ಲ. ಸುದ್ದಿ ತಂದವರನ್ನು ಒಮ್ಮೆ ಗದರಿಸಿದರೆ ಸಾಕು, ಉಳಿದವರೆಲ್ಲ ಪಾಠ ಕಲಿಯುತ್ತಾರೆ.

ಲಾಂಗ್‌ಹಾರ್ನ್ ಕೊನೆಗೆ ವಿಸ್ತಾ ಎಂಬ ಹೆಸರಿನಿಂದ 2007ರ ಜನವರಿ 30ರಂದು ಜನರ ಕೈಗೆ ಬಂತು. ಆಲ್ಚಿನ್ ಅವರೂ ಅದರೊಂದಿಗೇ ನಿವೃತ್ತರಾದರು. ಜನ ಅದನ್ನು ಮೆಚ್ಚಲಿಲ್ಲ. ಅದರ ತಯಾರಿಯ ಬಗ್ಗೆ ಒಬ್ಬ ಮಾಜಿ ಇಂಜಿನಿಯರ್ ಬರೆದ ವಿವರ ಸ್ವಾರಸ್ಯವಾಗಿದೆ. ಕಂಪ್ಯೂಟರನ್ನು ಆರಿಸುವ ಒಂದು ಸಣ್ಣ ಪಟ್ಟಿಯ ಕೆಲಸ ಅವರದು. ಅದು ಮೂರು ತಂಡಗಳಿಗೆ ಸೇರಿದ್ದು, ಅದರ ಮೇಲೆ ಮ್ಯಾನೇಜರುಗಳು, ಅವರ ಮೇಲೆ ಮತ್ತೆ ಮ್ಯಾನೇಜರುಗಳು. ಲೆಕ್ಕ ಹಾಕಿದರೆ 43 ಜನರಿಗೆ ಅದರಲ್ಲಿ ಮಾತಾಡುವ ಹಕ್ಕಿತ್ತಂತೆ. ಒಂದು ವರ್ಷ ಕಳೆಯಿತು. ದೀಪ ಆರಿಸುವ ಸ್ವಿಚ್ಚು ಎಲ್ಲಿರಬೇಕೆಂದು 43 ಜನ ವರ್ಷವಿಡೀ ಚರ್ಚಿಸಿದಂತೆ!

ಇದು ಬರಿಯ ಗೊಣಗಾಟವಲ್ಲ ಎಂಬುದಕ್ಕೆ ಆಧಾರವೂ ಸಿಕ್ಕಿತು. 2008ರಲ್ಲಿ ನಾಚಿಯಪ್ಪನ್ ನಾಗಪ್ಪನ್, ಬ್ರೆಂಡನ್ ಮರ್ಫಿ, ವಿಕ್ಟರ್ ಬಾಸಿಲಿ ಎಂಬ ಮೂವರು ಸಂಶೋಧಕರು ವಿಸ್ತಾದ ಐದು ಕೋಟಿಗೂ ಮೀರಿದ ಸಾಲುಗಳನ್ನು ಪರೀಕ್ಷಿಸಿದರು. ಯಾವ ಭಾಗ ಕೆಡುತ್ತದೆ ಎಂಬುದನ್ನು ಮೊದಲೇ ಊಹಿಸುವುದು ಹೇಗೆ ಎಂಬುದು ಅವರ ಪ್ರಶ್ನೆ. ಬರವಣಿಗೆ ಎಷ್ಟು ಜಟಿಲವಾಗಿದೆ ಎಂದು ಅಳೆದು ನೋಡಿದರು. ಆ ಭಾಗವನ್ನು ಎಷ್ಟು ಜನ ಮುಟ್ಟಿದ್ದಾರೆ, ಎಷ್ಟು ಜನ ಬಿಟ್ಟುಹೋಗಿದ್ದಾರೆ, ಅವರ ಮೇಲಧಿಕಾರಿ ಒಬ್ಬರೋ ಹಲವರೋ ಎಂಬುದನ್ನೂ ನೋಡಿದರು. ಎರಡನೆಯ ಲೆಕ್ಕವೇ ಹೆಚ್ಚು ನಿಖರವಾಗಿತ್ತು. ಬರವಣಿಗೆಯನ್ನು ಓದುವುದಕ್ಕಿಂತ, ಬರೆದವರು ಯಾರ ಕೈಕೆಳಗೆ ಹೇಗೆ ಹಂಚಿಹೋಗಿದ್ದಾರೆ ಎಂಬುದನ್ನು ನೋಡಿದರೆ ದೋಷ ಎಲ್ಲಿದೆ ಎಂದು ಚೆನ್ನಾಗಿ ಹೇಳಬಹುದು! ಮುಂದಾಳಿನ ಕೆಲಸ ಎಂಬುದು ಆಫೀಸಿನ ಅಲಂಕಾರವಲ್ಲ, ಅದು ನೇರವಾಗಿ ನಮ್ಮ ಪರದೆಯ ಮೇಲೆ ಕಾಣಿಸಿಕೊಳ್ಳುತ್ತದೆ ಎಂದಾಯಿತು.

ಆಲ್ಚಿನ್ ಅವರ ನಂತರ ಇಂಜಿನಿಯರಿಂಗಿನ ಹೊಣೆ ಹೊತ್ತವರು ಸ್ಟೀವನ್ ಸಿನೋಫ್‌ಸ್ಕಿ. ಅವರು ಮೊದಲು ಮನೆಯನ್ನು ಜೋಡಿಸಿದರು. ಸುಮಾರು 25 ತಂಡಗಳು, ಒಂದೊಂದರಲ್ಲಿ ಸರಾಸರಿ 40 ಜನ ಬರೆಯುವವರು. ಪ್ರತಿ ತಂಡದಲ್ಲೂ ಬರೆಯುವವರು, ಪರೀಕ್ಷಿಸುವವರು, ಏನು ಬೇಕೆಂದು ಯೋಜಿಸುವವರು ಮೂವರೂ ಸರಿಸಮ. ಏನು ಮಾಡುತ್ತೇವೆ ಎಂಬುದಕ್ಕಿಂತ ಏನು ಮಾಡುವುದಿಲ್ಲ ಎಂಬುದನ್ನು ಮೊದಲು ಇತ್ಯರ್ಥ ಮಾಡಿ, ಮುಗಿಯುವವರೆಗೆ ಹೊರಗೆ ಹೆಚ್ಚು ಮಾತಾಡಲಿಲ್ಲ. 2009ರ ಅಕ್ಟೋಬರ್ 22ರಂದು ಬಂದ ವಿಂಡೋಸ್ 7ನ್ನು ಜನ ಮೆಚ್ಚಿದರು. ಅದೇ ಕಂಪನಿ, ಹೆಚ್ಚುಕಡಿಮೆ ಅದೇ ಇಂಜಿನಿಯರುಗಳು. ಆದರೆ ಆ ಗೆಲುವಿನ ಮೇಲೆ ಬಂದ ವಿಂಡೋಸ್ 8, 2012ರ ಅಕ್ಟೋಬರಿನಲ್ಲಿ, ಜನ ಹದಿನೇಳು ವರ್ಷ ಒತ್ತಿ ರೂಢಿಯಾಗಿದ್ದ 'ಸ್ಟಾರ್ಟ್' ಗುಂಡಿಯನ್ನೇ ತೆಗೆದುಹಾಕಿತು. ಬಿಡುಗಡೆಗೆ ಮೊದಲೇ ಬಳಸಿ ನೋಡಿದವರು ಗೊಣಗಿದ್ದರು, ಕೇಳಲಿಲ್ಲ. ಅಡುಗೆಮನೆಯ ಒಲೆಯನ್ನು ಸೊಸೆ ಊರಿಂದ ಬರುವಷ್ಟರಲ್ಲಿ ಜಾಗ ಬದಲಿಸಿದರೆ ಹೇಗಿರುತ್ತದೆ ಹೇಳಿ! ನವೆಂಬರಿನಲ್ಲಿ ಸಿನೋಫ್‌ಸ್ಕಿ ಕಂಪನಿ ಬಿಟ್ಟರು.

ಆಗ ಆ ಬೀಗದ ಕೈ ಒಬ್ಬ ಹೆಂಗಸಿನ ಸೊಂಟಕ್ಕೆ ಬಂತು. ಅವರ ಹೆಸರು ಜೂಲಿ ಲಾರ್ಸನ್-ಗ್ರೀನ್. ಕಾಲೇಜಿನ ದಿನಗಳಲ್ಲಿ ಹೋಟೆಲಿನಲ್ಲಿ ಬಡಿಸುವ ಕೆಲಸ ಮಾಡಿ ಓದಿದವರು. ಮೈಕ್ರೋಸಾಫ್ಟಿಗೆ ಮೊದಲು ಅರ್ಜಿ ಹಾಕಿದಾಗ ಅವರನ್ನು ತೆಗೆದುಕೊಂಡಿರಲಿಲ್ಲ. ಬೇರೆಡೆ ದುಡಿದು, ಸಿಯಾಟಲ್ ವಿಶ್ವವಿದ್ಯಾಲಯದಲ್ಲಿ ಸಾಫ್ಟ್‌ವೇರ್ ಇಂಜಿನಿಯರಿಂಗಿನ ಸ್ನಾತಕೋತ್ತರ ಪದವಿ ಪಡೆದು, 1993ರಲ್ಲಿ ಅಲ್ಲಿಗೆ ಸೇರಿದರು. ಇಂದು ವರ್ಡ್‌ನಲ್ಲಿ ಕಾಗದ ಬರೆಯುವಾಗ ಮೇಲ್ಗಡೆ ಕಾಣುವ ಗುಂಡಿಗಳ ಅಗಲವಾದ ಪಟ್ಟಿ 2007ರ ಆಫೀಸ್‌ನಲ್ಲಿ ಬಂದದ್ದು, ಅದರ ಹಿಂದೆ ಅವರ ಕೈ ಇದೆ. ಜನ ಹೊಸದಾಗಿ ಬೇಕೆಂದು ಕೇಳುತ್ತಿದ್ದ ಎಷ್ಟೋ ಸೌಲಭ್ಯಗಳು ಆಗಲೇ ಅದರೊಳಗೆ ಇದ್ದವು, ಹುಡುಕಿದರೆ ಸಿಕ್ಕುತ್ತಿರಲಿಲ್ಲ ಅಷ್ಟೆ. ಅಟ್ಟದ ಮೇಲಿಟ್ಟು ಮರೆತದ್ದನ್ನು ಕೆಳಗಿಳಿಸಿ ಕೈಗೆಟಕುವ ಕಡೆ ಜೋಡಿಸಿದಂಥ ಕೆಲಸ ಅದು.

2012ರ ನವೆಂಬರಿನಲ್ಲಿ ವಿಂಡೋಸಿನ ಇಡೀ ಇಂಜಿನಿಯರಿಂಗ್ ಅವರ ಕೈಗೆ ಬಂದರೆ, ವ್ಯಾಪಾರದ ಲೆಕ್ಕ ಟ್ಯಾಮಿ ರೆಲ್ಲರ್ ಎಂಬ ಇನ್ನೊಬ್ಬ ಹೆಂಗಸಿನ ಪಾಲಿಗೆ ಬಂತು. ಲೋಕದ ಅತಿದೊಡ್ಡ ಸಾಫ್ಟ್‌ವೇರ್ ಮನೆಗಳಲ್ಲೊಂದರ ಉಗ್ರಾಣ ಎರಡು ಹೆಣ್ಣುಕೈಗಳಲ್ಲಿ! ಅದು ಹೆಚ್ಚು ದಿನ ಇರಲಿಲ್ಲ. 2013ರ ಜುಲೈಯಲ್ಲಿ ಕಂಪನಿಯನ್ನೇ ಬೇರೆ ರೀತಿ ಜೋಡಿಸಿದಾಗ ಲಾರ್ಸನ್-ಗ್ರೀನ್ ಅವರನ್ನು ಯಂತ್ರಗಳ ವಿಭಾಗಕ್ಕೆ ಕಳಿಸಿ, ಆಪರೇಟಿಂಗ್ ಸಿಸ್ಟಂಗಳನ್ನು ಟೆರಿ ಮೈಯರ್‌ಸನ್ ಅವರಿಗೆ ಕೊಟ್ಟರು. ಅದೇ ಅಕ್ಟೋಬರಿನ ವಿಂಡೋಸ್ 8.1ರಲ್ಲಿ ಸ್ಟಾರ್ಟ್ ಗುಂಡಿ ಮರಳಿ ಬಂದಿತ್ತು. ಇನ್ನೊಬ್ಬರು ಕಲಸಿಟ್ಟ ಹಿಟ್ಟನ್ನು ಹದಕ್ಕೆ ತರುವ ಕೆಲಸ ಹೆಂಗಸರಿಗೆ ಬರುವುದು, ಹದಕ್ಕೆ ಬಂದ ಮೇಲೆ ರೊಟ್ಟಿ ತಟ್ಟಲು ಬೇರೆಯವರು ಬರುವುದು ಅಮೆರಿಕದಲ್ಲೂ ಉಂಟೇ ಎಂದು ನನಗೆ ಅನ್ನಿಸಿದ್ದು ಸುಳ್ಳಲ್ಲ.

2014ರ ಫೆಬ್ರವರಿಯಲ್ಲಿ ಕಂಪನಿಯ ಮುಖ್ಯಸ್ಥರಾದವರು ಹೈದರಾಬಾದಿನ ಸತ್ಯ ನಾದೆಲ್ಲ. ನಮ್ಮ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿ 1988ರಲ್ಲಿ ಹೊರಬಂದವರು. ಅವರ ಕಾಲದಲ್ಲಿ ಪರೀಕ್ಷಿಸುವವರ ಪ್ರತ್ಯೇಕ ಪಂಗಡವನ್ನು ಬಹುಮಟ್ಟಿಗೆ ತೆಗೆದು, ಬರೆದವರೇ ಪರೀಕ್ಷಿಸಲಿ, ಉಳಿದದ್ದನ್ನು ಮೊದಲೇ ಬಳಸಿ ನೋಡುವ ಸ್ವಯಂಸೇವಕ ಗಿರಾಕಿಗಳು ಹೇಳಲಿ ಎಂಬ ಕ್ರಮ ಬಂತು. 2018ರ ಮಾರ್ಚಿನಲ್ಲಿ ಮೈಯರ್‌ಸನ್ ಅವರೂ ಹೊರಟು, ಕಂಪನಿಗೆ ಹಿರಿಮಗನಂತಿದ್ದ ವಿಂಡೋಸ್ ವಿಭಾಗವನ್ನೇ ಒಡೆದು ಎರಡು ಕಡೆಗೆ ಹಂಚಿದರು.

ಅದೇ ವರ್ಷದ ಅಕ್ಟೋಬರ್ 2ರಂದು ವಿಂಡೋಸ್ 10ರ ಹೊಸ ಆವೃತ್ತಿಯನ್ನು ಬಿಟ್ಟರು. ಕೆಲವರ ಕಂಪ್ಯೂಟರುಗಳಲ್ಲಿದ್ದ ಫೋಟೋ, ಕಾಗದಪತ್ರಗಳೇ ಅಳಿಸಿಹೋದವು. ನಾಲ್ಕೈದು ದಿನಗಳಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡು, ಸರಿಮಾಡಿ ನವೆಂಬರ್ 13ರಂದು ಮತ್ತೆ ಬಿಟ್ಟರು. ತೊಂದರೆಗೆ ಒಳಗಾದವರ ಸಂಖ್ಯೆ ಬಹಳ ಕಡಿಮೆ ಎಂದು ಕಂಪನಿ ಹೇಳಿತು. ಮಗುವಿನ ನಾಮಕರಣದ ಫೋಟೋ ಕಳೆದುಕೊಂಡ ತಾಯಿಗೆ ಆ ಸಂಖ್ಯೆಯಿಂದ ಏನು ಸಮಾಧಾನ? ಎಲ್ಲಕ್ಕಿಂತ ನೋವಿನ ಸಂಗತಿ ಇನ್ನೊಂದಿದೆ. ಬಿಡುಗಡೆಗೆ ಮೊದಲೇ ಸ್ವಯಂಸೇವಕರಲ್ಲಿ ಕೆಲವರು 'ನನ್ನ ಕಡತಗಳು ಮಾಯವಾದವು' ಎಂದು ಬರೆದು ತಿಳಿಸಿದ್ದರು. ಸಾವಿರಾರು ಸಣ್ಣಪುಟ್ಟ ದೂರುಗಳ ನಡುವೆ ಆ ದೂರು ಕಣ್ಣಿಗೆ ಬೀಳಲಿಲ್ಲ. ತೊಂದರೆ ಎಷ್ಟು ಗಂಭೀರ ಎಂದು ಗುರುತು ಹಾಕಲು ದೂರಿನ ಜೊತೆಗೆ ಒಂದು ಅಂಕಣವನ್ನು ಆಮೇಲೆ ಸೇರಿಸಿದರು.

ಐಬಿಎಂನ ಕಾಲದಿಂದ ಅಲ್ಲಿಗೆ ಐವತ್ತು ವರ್ಷ ಮೀರಿತ್ತು. ಯಂತ್ರ ಬದಲಾಯಿತು, ಭಾಷೆ ಬದಲಾಯಿತು, ಮುಂದಾಳುಗಳು ಬದಲಾದರು. ಕಟ್ಲರ್ ಪ್ರತಿದಿನದ ಬಿಲ್ಡಿನಲ್ಲಿ ತಪ್ಪನ್ನು ಎದುರಿಗೇ ಕಂಡರು. ಶ್ರೀವಾಸ್ತವ ಅದನ್ನು ಗೋಡೆಯ ಮೇಲೆ ಬಿಡಿಸಿ ತೋರಿಸಿದರು. ಆಲ್ಚಿನ್ ಅದನ್ನು ಯಜಮಾನನ ಕೋಣೆಯವರೆಗೆ ಹೊತ್ತುಕೊಂಡು ಹೋದರು. ಈ ದಾರಿ ತೆರೆದಿದ್ದಾಗೆಲ್ಲ ಕೆಲಸ ಉಳಿಯಿತು, ಮುಚ್ಚಿದಾಗ ಯಾರೋ ಅಪರಿಚಿತರ ಫೋಟೋಗಳು ಅಳಿಸಿಹೋದವು.

ಇಂದು ನಮ್ಮ ಸಣ್ಣ ಊರುಗಳಿಂದ ಎಷ್ಟೊಂದು ಹೆಣ್ಣುಮಕ್ಕಳು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಹೋಗಿದ್ದಾರೆ. ನಿಮ್ಮ ಮಗಳೋ ತಂಗಿಯ ಮಗಳೋ ಇರಬಹುದು. ಆಕೆಗೆ ಬಡ್ತಿ ಬಂದಾಗ ನಾವು ಕೇಳುವ ಮೊದಲ ಪ್ರಶ್ನೆ 'ನಿನ್ನ ಕೈಕೆಳಗೆ ಎಷ್ಟು ಜನ ಇದ್ದಾರಮ್ಮ?' ಆಕೆ ಹೇಳುವ ಸಂಖ್ಯೆಯನ್ನು ನಾಲ್ಕು ಜನಕ್ಕೆ ಹೇಳಿ ಹಿಗ್ಗುತ್ತೇವೆ. ಹಿಗ್ಗೋಣ, ತಪ್ಪಿಲ್ಲ. ಆದರೆ ಮುಂದಿನ ಸಲ ಫೋನು ಮಾಡಿದಾಗ ಇನ್ನೊಂದು ಮಾತನ್ನೂ ಕೇಳಬಹುದು: 'ಅವರಲ್ಲಿ ಯಾರಾದರೂ ಒಬ್ಬರು ಬಂದು, ಇದು ಆಗುವುದಿಲ್ಲ ಮೇಡಂ ಎಂದು ನಿನಗೆ ಹೇಳುತ್ತಾರಾ? ಹೇಳಿದಾಗ ನೀನು ಏನಂತೀಯ?'